ಜಿಗಿಹುಳುವಿಗೆ ಕಂಪ್ಯೂಟರಿನಲ್ಲಿ ಮೈ ಕಟ್ಟುವ ಬಗೆ

ರಾಯಚೂರು ಜಿಲ್ಲೆಯ ಗುರುಗುಂಟಾದ ಹತ್ತಿ, ತೊಗರಿ ಹೊಲಗಳನ್ನು ದಾಟಿ ಮಸ್ಕಿ ಮೇಲೆ ಸಿಂಧನೂರಿನ ಕಡೆ ಹೋದರೆ ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಸೀಮೆ. ಭತ್ತ ಬೆಳೆಯುವವರಿಗೆ ಕಂದು ಜಿಗಿಹುಳುವಿನ ಕಾಟ ಗೊತ್ತೇ ಇದೆ. ಅದು ಪೈರಿನ ಬುಡದಲ್ಲಿ ಗುಂಪುಗೂಡಿ ರಸ ಹೀರುತ್ತದೆ. ಗದ್ದೆ ಅಲ್ಲಲ್ಲಿ ದುಂಡಗೆ ಸುಟ್ಟಂತೆ ಒಣಗುತ್ತದೆ. ಅದೇ ಬುಡದಲ್ಲಿ ಹಸಿರು ಬಣ್ಣದ ಮಿರಿಡ್ ತಿಗಣೆಯೂ ಓಡಾಡುತ್ತದೆ. ಜಿಗಿಹುಳುವಿನ ಮೊಟ್ಟೆ ತಿನ್ನುವ ಈ ತಿಗಣೆ ರೈತನ ನೆಂಟ. ಎರಡೂ ಮೂರ್ನಾಲ್ಕು ಮಿಲಿಮೀಟರ್ ಉದ್ದದವು. ಕೈಪಿಡಿಯ ಚಿತ್ರ ತಪ್ಪಾಗಿದ್ದರೆ ನೆಂಟನನ್ನೇ ಶತ್ರು ಎಂದುಕೊಂಡು ಔಷಧಿ ಹೊಡೆದಂತಾಗುತ್ತದೆ. ಆದ್ದರಿಂದ ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಬಹುದಾದ ಡಿಜಿಟಲ್ ಮಾದರಿ ಬೇಕು, ಅದು ಸರಿಯಾಗಿಯೂ ಇರಬೇಕು.

ಮೊದಲು ಹುಳು, ಆಮೇಲೆ ಚಿತ್ರ

ಒಂದೇ ಹುಳುವನ್ನು ನೋಡಿ ಮಾದರಿ ಕಟ್ಟಬಾರದು. ಕಂದು ಜಿಗಿಹುಳುವಿನಲ್ಲಿ ಉದ್ದ ರೆಕ್ಕೆಯವೂ ಇವೆ, ಗಿಡ್ಡ ರೆಕ್ಕೆಯವೂ ಇವೆ. ಉದ್ದ ರೆಕ್ಕೆಯವು ದೀಪದ ಬಲೆಗೆ ಬರುತ್ತವೆ. ಗಿಡ್ಡ ರೆಕ್ಕೆಯವನ್ನು ಪೈರಿನ ಬುಡ ತಟ್ಟಿ ಹಿಡಿಯಬೇಕು. ಸತ್ತ ಮೇಲೆ ಬಣ್ಣ ಮಾಸುವುದರಿಂದ ಜೀವಂತ ಇರುವಾಗಲೇ ಫೋಟೊ ತೆಗೆದುಕೊಳ್ಳಿ. ಆಮೇಲೆ ಶೇ. 70ರ ಆಲ್ಕೋಹಾಲಿನಲ್ಲಿಟ್ಟು, ಹಿಡಿದ ಊರು, ದಿನಾಂಕ, ಬೆಳೆ ಬರೆದ ಚೀಟಿ ಹಾಕಿ.

ಸೂಕ್ಷ್ಮದರ್ಶಕದಡಿ ಒಮ್ಮೆಗೆ ಹುಳುವಿನ ತೆಳು ಪದರವಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಾಗಿ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತಾರು ಫೋಟೊ ತೆಗೆದು, ಸಾಫ್ಟ್‌ವೇರಿನಲ್ಲಿ ಕೂಡಿಸಿ ಒಂದೇ ಚಿತ್ರ ಮಾಡುತ್ತಾರೆ. ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಹೀಗೆ ಮೂರು ನೋಟ ಬೇಕು. ಅದೇ ವರ್ಧನೆಯಲ್ಲಿ ಮಿಲಿಮೀಟರ್ ಅಳತೆಪಟ್ಟಿಯ ಫೋಟೊ ತೆಗೆದಿಡದಿದ್ದರೆ ಮುಂದಿನ ಅಳತೆಗಳಿಗೆ ಆಧಾರವಿಲ್ಲ.

ಮೈ ಕಟ್ಟುವುದು

ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಸಾಕು. ಮೂರು ನೋಟಗಳನ್ನೂ ಹಿನ್ನೆಲೆಯಲ್ಲಿಟ್ಟು, ದೇಹದ ಅರ್ಧ ಭಾಗ ಮಾತ್ರ ಕಟ್ಟಿದರೆ ಉಳಿದರ್ಧವನ್ನು ಅದರ ‘ಮಿರರ್’ ಸೌಲಭ್ಯ ತುಂಬುತ್ತದೆ. ಆದರೆ ರೆಕ್ಕೆ ಮಡಚುವಾಗ ಅದನ್ನು ತೆಗೆಯಬೇಕು. ಏಕೆಂದರೆ ಒಂದು ರೆಕ್ಕೆಯ ತುದಿ ಇನ್ನೊಂದರ ಮೇಲೆ ಬರುತ್ತದೆ. ಆರು ಕಾಲು, ನಾಲ್ಕು ರೆಕ್ಕೆ ಎಲ್ಲವೂ ಎದೆಯಿಂದಲೇ ಹೊರಡಬೇಕು. ಹೊಟ್ಟೆಗೆ ಕಾಲು ಅಂಟಿಸಿದ ಚಿತ್ರಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಗಟ್ಟಿ ಕವಚದ ಪ್ರತಿ ತುಂಡನ್ನೂ ಬೇರೆಯಾಗಿ ಮಾಡಿ, ನಡುವೆ ಮೆತ್ತನೆಯ ಪೊರೆ ಬಿಡಿ. ಆಗಲೇ ಕೀಲು ಕೀಲಿನಂತೆ ಮಡಚುತ್ತದೆ.

ಈಗ ಹಿಂಗಾಲನ್ನು ಹತ್ತಿರದಿಂದ ನೋಡಿ. ಮೊಣಕಾಲಿನ ಕೆಳಗಿನ ಉದ್ದ ಭಾಗದ ತುದಿಯಲ್ಲಿ ಅಲುಗಾಡುವ ದಪ್ಪ ಮುಳ್ಳೊಂದಿದೆ. ಕಂದು ಜಿಗಿಹುಳುವಿನ ಕುಟುಂಬದ ಗುರುತೇ ಅದು. ಹತ್ತಿಯ ಹಸಿರು ಜಿಗಿಹುಳುವಿಗೆ ಆ ಮುಳ್ಳಿಲ್ಲ. ಅದರ ಹಿಂಗಾಲಿನುದ್ದಕ್ಕೂ ಸಣ್ಣ ಮುಳ್ಳುಗಳ ಸಾಲಿದೆ. ಮೀಸೆಯ ಜಾಗವೂ ಬೇರೆ: ಕಂದು ಹುಳುವಿನದು ಕಣ್ಣಿನ ಕೆಳಗೆ, ಹಸಿರು ಹುಳುವಿನದು ಎರಡು ಕಣ್ಣುಗಳ ನಡುವೆ. ಹಾಗಾಗಿ ಆ ದಪ್ಪ ಮುಳ್ಳನ್ನು ಕಾಲಿಗೆ ಬೆಸೆಯದೆ, ತನ್ನದೇ ಕೀಲಿರುವ ಬಿಡಿ ಭಾಗವಾಗಿ ಕಟ್ಟಬೇಕು.

ಬಣ್ಣ, ಹೊಳಪು, ಪಾರದರ್ಶಕ ರೆಕ್ಕೆಯ ಸಿರೆಗಳು ಕೊನೆಯ ಕೆಲಸ. ವೈಜ್ಞಾನಿಕ ಚಿತ್ರಗಳ ರೂಢಿಯಂತೆ ಬೆಳಕು ಎಡ ಮೇಲಿನಿಂದ ಬೀಳಲಿ. ಪಕ್ಕದಲ್ಲಿ ಅಳತೆಗೆರೆ ಇರಲಿ.

ತಿಳಿದವರ ಕಣ್ಣು

ಮಾದರಿ ಮುಗಿಯಿತು ಎನ್ನುವ ಮುಂಚೆ ಕೀಟಶಾಸ್ತ್ರಜ್ಞರಿಗೆ ತೋರಿಸಿ. ರಾಯಚೂರಿನಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ಕೀಟ ಸಂಗ್ರಹಾಲಯವಿದೆ. ಹಸಿರು ಜಿಗಿಹುಳುವಿನ ಬಳಗದ ವರ್ಗೀಕರಣದಲ್ಲಿ ಹೆಸರಾದ ಸಿ. ಎ. ವಿರಕ್ತಮಠರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು. ಹೊರಗಿನಿಂದ ಒಂದೇ ರೀತಿ ಕಾಣುವ ಪ್ರಭೇದಗಳನ್ನು ಗಂಡಿನ ಜನನಾಂಗ ಬಿಡಿಸಿ ನೋಡಿಯೇ ಗುರುತಿಸಬೇಕಾಗುತ್ತದೆ. ಅಂಥ ಕಡೆ ಚಿತ್ರಕಾರನ ಕಣ್ಣೊಂದೇ ಸಾಲದು.

ಮಾದರಿಯ ಕಡತದಲ್ಲಿ ಯಾವ ಹುಳುವನ್ನು ನೋಡಿ ಕಟ್ಟಿದ್ದು ಎಂಬ ವಿವರ ಬರೆದಿಡಿ. ಕಾಣದ ಭಾಗವನ್ನು ಊಹೆಯಿಂದ ತುಂಬಬೇಡಿ, ಇನ್ನೊಂದು ಹುಳು ಹಿಡಿದು ನೋಡಿ. ನಿಮ್ಮ ಚಿತ್ರವನ್ನು ನಂಬಿ ಒಬ್ಬ ರೈತ ಪಂಪು ಹೊರುತ್ತಾನೆ.