ತಗಡಿನ ಹೊಟ್ಟೆಯ ದೊಡ್ಡ ಪಿಟೀಲು!

'ಸಮ್ ಲೈಕ್ ಇಟ್ ಹಾಟ್' (1959) ನೋಡಿದ ರಸಿಕರಿಗೆ ನೆನಪಿರುತ್ತೆ. ಹೆಣ್ಣುವೇಷ ಹಾಕಿ ಬ್ಯಾಂಡ್ ಸೇರಿದ ಜಾಕ್ ಲೆಮ್ಮನ್‌ನ ಗುಟ್ಟು ರಟ್ಟಾಗೋದು ಅವನ ಡಬಲ್ ಬೇಸ್‌ನಲ್ಲಿದ್ದ ಗುಂಡಿನ ತೂತುಗಳಿಂದ! ಪಿಟೀಲಿನ ದೊಡ್ಡಪ್ಪನಂತೆ ಆಳೆತ್ತರ ನಿಲ್ಲುವ ಆ ವಾದ್ಯ ಮರದ್ದು. ಆದರೆ ಅದೇ ವಾದ್ಯ ಒಂದು ಕಾಲಕ್ಕೆ ಅಲ್ಯೂಮಿನಿಯಂನಲ್ಲೂ ತಯಾರಾಗಿತ್ತು ಅಂದರೆ ನಂಬುತ್ತೀರಾ?

ನಂಬಲೇಬೇಕು. 1886ಕ್ಕೆ ಮುಂಚೆ ಅಲ್ಯೂಮಿನಿಯಂ ಭಾರಿ ದುಬಾರಿ ಲೋಹ. ಆ ವರ್ಷ ವಿದ್ಯುತ್ತಿನಿಂದ ಅದನ್ನು ತೆಗೆಯುವ ವಿಧಾನ ಸಿಕ್ಕಿತು, ಬೆಲೆ ಇಳಿಯಿತು. 1890ರ ದಶಕದಲ್ಲೇ ಅಮೆರಿಕದ ನೀಲ್ ಮೆರಿಲ್ ಅದರಲ್ಲಿ ಪಿಟೀಲು ಮಾಡಿದ. 1930ರ ಆಸುಪಾಸಿನಲ್ಲಿ ಅಲ್ಕೋವಾ ಕಂಪನಿ ಬಫಲೋ ಊರಿನಲ್ಲಿ ಸುಮಾರು 500 ಡಬಲ್ ಬೇಸ್ ತಯಾರಿಸಿತು.

ಯಾಕೆ ಈ ಸಾಹಸ? ಮರದ ವಾದ್ಯ ಬಲು ನಾಜೂಕು ಸ್ವಾಮಿ. ಮಳೆಗಾಲದಲ್ಲಿ ಅಂಟು ಬಿಡುತ್ತೆ, ಬೇಸಿಗೆಯಲ್ಲಿ ಸೀಳುತ್ತೆ. ಶಾಲೆ ಹುಡುಗರ ಕೈಗೆ ಸಿಕ್ಕರಂತೂ ಮುಗೀತು! ಅಲ್ಯೂಮಿನಿಯಂ ಹಾಗಲ್ಲ. ಬಿದ್ದರೆ ತಂಬಿಗೆಯಂತೆ ನೆಗ್ಗುತ್ತೆ, ಒಡೆಯೋಲ್ಲ.

ಮಾಡುವ ರೀತಿಯನ್ನು ರಾಜಾಜಿನಗರದ ತಗಡಿನ ಕೆಲಸದ ಮೇಸ್ತ್ರಿಗೆ ಹೇಳಿ, ಥಟ್ಟನೆ ಹಿಡಿದುಬಿಡುತ್ತಾರೆ. ತೆಳು ಹಾಳೆಯನ್ನು ಉಬ್ಬುವಂತೆ ಒತ್ತಿ ಎದೆ, ಬೆನ್ನು ಮಾಡೋದು. ಸುತ್ತಲ ಪಟ್ಟಿಗೆ ಬೆಸೆಯೋದು. ಆಮೇಲೆ ಮರದ ಗೆರೆ ಬರುವ ಹಾಗೆ ಬಣ್ಣ. ದೂರದಿಂದ ನೋಡಿದರೆ ಮರವೇ! ಎದೆಗೆ ಬಳಸುವ ಹಗುರ ಮರಕ್ಕಿಂತ ಈ ಲೋಹ ಆರೇಳು ಪಟ್ಟು ಭಾರ. ಅದಕ್ಕೇ ಹಾಳೆ ತೆಳ್ಳಗಿರಲೇಬೇಕು.

ವೇಷವೇನೋ ಸರಿ, ಶಾರೀರ? ಕಷ್ಟ ಇರೋದೇ ಅಲ್ಲಿ. ಮರ ತಂತಿಯ ಕಂಪನವನ್ನು ನುಡಿಸುತ್ತೆ, ಜೊತೆಗೆ ಒಂದಿಷ್ಟನ್ನು ನುಂಗುತ್ತೆ. ಆ ನುಂಗುವುದರಿಂದಲೇ ದನಿಗೆ ಬೆಚ್ಚನೆಯ ಗುಣ. ಲೋಹ ನುಂಗೋದು ಕಮ್ಮಿ. ಗಂಟೆ ಹೊಡೆದ ಮೇಲೂ ಗುಂಯ್ ಅನ್ನೋ ಹಾಗೆ, ಬೆರಳು ತೆಗೆದ ಮೇಲೂ ಅದರ ಹೊಟ್ಟೆ ಗುನುಗುತ್ತಲೇ ಇರುತ್ತೆ. ಕಛೇರಿಯ ಕಿವಿಗಳಿಗೆ ಅದು ರುಚಿಸಲಿಲ್ಲ, ತಯಾರಿಕೆ ನಿಂತಿತು. ಆದರೆ ಗದ್ದಲದ ರಾಕಬಿಲ್ಲಿ ವೇದಿಕೆಗೆ ಆ ಗಡಸು ದನಿಯೇ ಪ್ರಿಯ. ಉಳಿದಿರುವ ವಾದ್ಯಗಳನ್ನು ಸಂಗ್ರಾಹಕರು ಇಂದು ಹುಡುಕಿ ಕೊಳ್ಳುತ್ತಾರೆ.

ನಮಗೇನು ಇದರಿಂದ ಅಂತೀರಾ? ಕನ್ನಡದ ಎಷ್ಟೋ ಹಳೆಯ ಹಾಡುಗಳು ಮದರಾಸಿನಲ್ಲಿ ಮುದ್ರಣವಾದವು. ಗಾಯಕರ ಹೆಸರು ಟೈಟಲ್ ಕಾರ್ಡಿನಲ್ಲಿ ಬಂತು. ಕೆಳಗಿನ ಮಂದ್ರ ಹಿಡಿದವರ ಹೆಸರು ಬರಲಿಲ್ಲ. ಡಬಲ್ ಬೇಸ್ ಜಾಗಕ್ಕೆ ಬೇಸ್ ಗಿಟಾರ್ ಬಂತು, ಅದರ ಜಾಗಕ್ಕೆ ಕೀಬೋರ್ಡ್. ವಿಜಯನಗರದ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಕೇಳಿ, ಒಬ್ಬನ ಎಡಗೈ ಮಂದ್ರ ಪೂರ್ತಿ ಮುಗಿಸುತ್ತೆ. ಒಡೆಯೋಲ್ಲ, ಸೀಳೋಲ್ಲ, ಹೊರೋ ಕಷ್ಟವೂ ಇಲ್ಲ. ತಗಡಿನ ಬೇಸ್ ಮಾಡಿದವರು ಬಯಸಿದ್ದೂ ಅದನ್ನೇ ತಾನೆ! ಆದರೆ ಆ ದೊಡ್ಡ ವಾದ್ಯವನ್ನು ಎದೆಗೊರಗಿಸಿ ನಿಲ್ಲುತ್ತಿದ್ದ ಮನುಷ್ಯನಿಗೆ ಈಗ ವೇದಿಕೆಯಲ್ಲಿ ಜಾಗವಿಲ್ಲ. ಇವತ್ತು ರಾತ್ರಿ ಹಳೆಯ ಹಾಡೊಂದನ್ನು ಹಾಕಿ, ದನಿಯ ಕೆಳಗೆ ಕಿವಿಗೊಡಿ.