ಒಂದೇ ಗೆರೆಯ ಭರವಸೆ

ಮದ್ದೂರು–ಮಂಡ್ಯ ಹಾದಿಯ ಹನಕೆರೆಯಂಥ ಊರುಗಳಲ್ಲಿ ಕಾಮಾಲೆ ಎಂದರೆ ನೆನಪಾಗುವುದು ನೆಲನೆಲ್ಲಿ. ಎಲೆಗಳ ಅಡಿಯಲ್ಲಿ ಪುಟ್ಟ ಕಾಯಿಗಳನ್ನು ಸಾಲಾಗಿ ಹೊತ್ತ ಗಿಡ. ಕಣ್ಣು ಹಳದಿಯಾದರೆ ರೋಗ, ಬಿಳುಪಾದರೆ ಗುಣ ಎಂಬುದು ಹಳೆಯ ಲೆಕ್ಕ. ಈಗಿನ ಲೆಕ್ಕ ಕಿಟ್‌ನದು: ಹನಿ ರಕ್ತ ಬಿಟ್ಟಾಗ ಎರಡು ಗೆರೆ ಮೂಡಿದರೆ ಕಾಮಾಲೆ ತರಬಲ್ಲ ಹೆಪಟೈಟಿಸ್ ಬಿ ಇದೆ, ಒಂದೇ ಮೂಡಿದರೆ ಇಲ್ಲ. ಆದರೆ ಆ ‘ಇಲ್ಲ’ ಎಲ್ಲರ ಪಾಲಿಗೂ ಒಂದೇ ತೂಕದ್ದಲ್ಲ. ಪದೇ ಪದೇ ರಕ್ತ ಪಡೆಯುವವರು, ಡಯಾಲಿಸಿಸ್‌ನಲ್ಲಿರುವವರು, ಎಚ್‌ಐವಿ ಸೋಂಕಿತರು, ಕ್ಯಾನ್ಸರ್ ಚಿಕಿತ್ಸೆಗೆ ಹೊರಟವರು ಅದನ್ನೇ ಕೊನೆಯ ಮಾತೆಂದು ನಂಬುವಂತಿಲ್ಲ.

ಕಾರಣ ಪರೀಕ್ಷೆಯ ಹುಟ್ಟಿನಲ್ಲೇ ಇದೆ. ಅಮೆರಿಕದ ಬರೂಕ್ ಬ್ಲಂಬರ್ಗ್ ತಂಡಕ್ಕೆ, ಹಲವು ಬಾರಿ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬನ ಸೀರಮ್ಮು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದೊಂದಿಗೆ ಪ್ರತಿಕ್ರಿಯಿಸಿದ್ದು ಕಂಡಿತು. 1965ರಲ್ಲಿ ಪ್ರಕಟವಾದ ಆ ‘ಆಸ್ಟ್ರೇಲಿಯಾ ಆ್ಯಂಟಿಜೆನ್’ ಹೆಪಟೈಟಿಸ್ ಬಿ ವೈರಸ್ಸಿನ ಹೊದಿಕೆಯ ಪ್ರೋಟೀನ್ ಎಂಬುದು ಆಮೇಲೆ ತಿಳಿಯಿತು. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು. ರಕ್ತನಿಧಿಗಳು ದಶಕಗಳಿಂದ ಹುಡುಕುತ್ತ ಬಂದದ್ದು, ಕಿಟ್ ಇಂದು ಹುಡುಕುವುದು ಈ ಹೊದಿಕೆಯನ್ನೇ. ಲೆಕ್ಕವಿಲ್ಲದಷ್ಟು ಜೀವ ಉಳಿಸಿದ ಪರೀಕ್ಷೆ ಅದು. ಆದರೆ ವೈರಸ್ಸಿನ ಡಿಎನ್‌ಎ ಯಕೃತ್ತಿನ ಜೀವಕೋಶದ ಕೋಶಕೇಂದ್ರದಲ್ಲಿ ಉಂಗುರದಂತೆ ಸುತ್ತಿಕೊಂಡು, ರಕ್ತದಲ್ಲಿ ಹೊದಿಕೆಯ ಸುಳಿವಿಲ್ಲದೆಯೂ ವರ್ಷಗಟ್ಟಲೆ ಉಳಿಯಬಲ್ಲದು. 2008ರಲ್ಲಿ ಇಟಲಿಯ ತಾವೋರ್ಮಿನಾದಲ್ಲಿ ತಜ್ಞರು ವ್ಯಾಖ್ಯೆ ಕೊಟ್ಟ ಗುಪ್ತ ಸೋಂಕು ಇದೇ.

ನೆಲನೆಲ್ಲಿಯ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಸ್ವತಃ ಬ್ಲಂಬರ್ಗ್ ಜೊತೆಗೂಡಿ, ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು: ನೆಲನೆಲ್ಲಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಹೊದಿಕೆ ಪ್ರೋಟೀನ್ ಮರೆಯಾಗಿತ್ತು. ಮುಂದಿನ ಹಲವು ಪ್ರಯೋಗಗಳಲ್ಲಿ ಆ ಫಲ ಮರಳಲಿಲ್ಲ. ಫಲ ಮರಳಿದ್ದರೂ ಹೊದಿಕೆ ಮರೆಯಾದ ಮಾತ್ರಕ್ಕೆ ವೈರಸ್ ತೊಲಗಿತೆಂದು ಹೇಳಲಾಗದು ಎಂಬುದನ್ನು ಗುಪ್ತ ಸೋಂಕು ಕಲಿಸಿದೆ. ರೋಗನಿರೋಧಕ ಶಕ್ತಿ ಕುಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಬಿದ್ದಾಗ, ಮಲಗಿದ್ದ ಈ ವೈರಸ್ ಎದ್ದು ಯಕೃತ್ತನ್ನೇ ಕೆಡಿಸಬಲ್ಲದು.

ಎಲ್ಲರಿಗೂ ಡಿಎನ್‌ಎ ಪರೀಕ್ಷೆ ಮಾಡುವಷ್ಟು ಹಣ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಎಲ್ಲರಿಗೂ ಬೇಕಿಲ್ಲ. ವೈರಸ್ಸಿನ ತಿರುಳಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು ಡಯಾಲಿಸಿಸ್ ಅಥವಾ ಕೀಮೊ ಶುರುವಾಗುವ ಮುನ್ನ ಒಮ್ಮೆ ನೋಡಿದರೆ, ಯಾರಿಗೆ ಡಿಎನ್‌ಎ ಪರೀಕ್ಷೆ ಬೇಕೆಂದು ಬಹುಪಾಲು ತಿಳಿಯುತ್ತದೆ. ಸೋಂಕಿನಿಂದ ಚೇತರಿಸಿಕೊಂಡವರಲ್ಲೂ ಈ ಪ್ರತಿಕಾಯ ಇರುತ್ತದೆ, ಸುಮ್ಮನೆ ಭಯ ಹುಟ್ಟದೇ ಎಂದು ಕೇಳಬಹುದು. ನಿಜ, ಅದಕ್ಕೇ ಅದು ತೀರ್ಪಲ್ಲ, ಮುಂದಿನ ಪರೀಕ್ಷೆಗೆ ಸೂಚನೆ ಮಾತ್ರ. ಅದರ ಆಧಾರದಲ್ಲಿ ದಾನಿಗಳನ್ನೆಲ್ಲ ಹಿಂದಕ್ಕೆ ಕಳಿಸಿದರೆ ರಕ್ತಕ್ಕೇ ಬರ ಬಂದೀತು. ಆದ್ದರಿಂದ ದಾನದ ರಕ್ತಕ್ಕೆ, ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆಯೇ ಸರಿಯಾದ ದಾರಿ. ದೇಶದಲ್ಲಿ 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಉಚಿತ ತಪಾಸಣೆ, ಔಷಧಿ ಕೊಡುತ್ತಿದೆ. ಆ ದಿನ ಬ್ಲಂಬರ್ಗ್ ಹುಟ್ಟಿದ ದಿನವೂ ಹೌದು. ಅವರ ಕೈಗೆ ಹೊದಿಕೆಯ ಗುರುತು ಸಿಕ್ಕಿದ್ದು ಮತ್ತೆ ಮತ್ತೆ ರಕ್ತ ಪಡೆದ ರೋಗಿಯಿಂದ. ಅಂಥ ರೋಗಿಗಳ ಚೀಟಿಯಲ್ಲಿ ತಿರುಳಿನ ಪರೀಕ್ಷೆಗೂ ಒಂದು ಸಾಲು ಸೇರಬೇಕು.