ಮಳೆಗಾಲಕ್ಕೆ ಯಾವ ಕಾದಂಬರಿ, ಉಸ್ತಾದರೇ?

ಹಾರಂಗಿ ಡ್ಯಾಮಿನ ಗೇಟು ತೆಗೆಯುವಷ್ಟು ಮಳೆ ಹಿಡಿದರೆ ನಮ್ಮ ಕಡೆ ಅರ್ಧ ಕೆಲಸ ನಿಂತ ಹಾಗೆ. ತೋಟಕ್ಕೆ ಹೋಗಲಿಕ್ಕಾಗದು. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಫೋನಿನ ಚಾರ್ಜೂ ಮುಗಿದಿರುತ್ತದೆ. ಅಂಥ ಹೊತ್ತಿನಲ್ಲೇ ಯಾರಾದರೂ ಬಂದು ಕೇಳ್ತಾರೆ: “ಉಸ್ತಾದರೇ, ಓದ್ಲಿಕ್ಕೆ ಏನಾದ್ರೂ ಇದೆಯಾ? ಕಥೆ ಪುಸ್ತಕ ಆದ್ರೂ ಪರ್ವಾಗಿಲ್ಲ.” ಆ ‘ಆದ್ರೂ ಪರ್ವಾಗಿಲ್ಲ’ದಲ್ಲಿ ಒಂದು ಅಳುಕು ಉಂಟು. ಮದ್ರಸದವರ ಹತ್ತಿರ ಕಾದಂಬರಿ ಕೇಳಬಹುದಾ ಅಂತ.

ಧಾರಾಳವಾಗಿ ಕೇಳಬಹುದು. ಸೂರತ್ ಯೂಸುಫ್ ಪಾಠ ಮಾಡುವ ದಿನ ಮಕ್ಕಳು ಎಷ್ಟು ಆಸೆಯಿಂದ ಕೇಳುತ್ತಾರೆ ಎಂದು ಎಲ್ಲ ಉಸ್ತಾದರಿಗೂ ಗೊತ್ತು. 12ನೇ ಶತಮಾನದಲ್ಲಿ ಅಂದಲುಸಿನ ಇಬ್ನು ತುಫೈಲ್ ಎಂಬ ವಿದ್ವಾಂಸರು ‘ಹಯ್ಯ್ ಇಬ್ನು ಯಕ್‌ಝಾನ್’ ಎಂಬ ಕಥೆ ಬರೆದರು. ಮನುಷ್ಯರಿಲ್ಲದ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಮಗು, ಸೃಷ್ಟಿಕರ್ತನೊಬ್ಬನಿದ್ದಾನೆ ಎಂದು ತಾನೇ ಯೋಚಿಸಿ ಕಂಡುಕೊಳ್ಳುವ ಕಥೆ ಅದು. ಇನ್ನೊಬ್ಬನನ್ನು ನಂಬಿಸಿ ಮೋಸ ಮಾಡಲಿಕ್ಕೆ ಸುಳ್ಳು ಹೇಳುವುದು ಬೇರೆ. ‘ಇದು ಕಟ್ಟಿದ ಕಥೆ’ ಎಂದು ಮುಖಪುಟದಲ್ಲೇ ಹೇಳಿ ಬರೆಯುವುದು ಬೇರೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದ ಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರೇ. ಅದು ಕಥಾಸಂಕಲನ. ಇಂದು ನಾವು ಹೇಳಹೊರಟದ್ದು ಕಾದಂಬರಿಗಳ ಮಾತು, ಅದೂ ಓದುಗನ ರುಚಿ ನೋಡಿಕೊಂಡು.

ಪುಸ್ತಕ ಎಂದರೆ ನಿದ್ದೆ ಬರುವ ಹುಡುಗರಿಗೆ ನಾವು ಮೊದಲು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ, ಇವತ್ತಿಗೂ ಹಳತಾಗಿಲ್ಲ. ಜೇನು ಹಿಡಿಯುವ ಮಂದಣ್ಣ, ಅವನನ್ನು ಗುರು ಎಂಬಷ್ಟು ಗೌರವದಿಂದ ಕಾಣುವ ವಿಜ್ಞಾನಿ ಕರ್ವಾಲೊ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಮೂಡಿಗೆರೆ ಕಡೆಯ ಕಥೆಯಾದರೂ ತೋಟ, ಜಿಗಣೆ, ಮಳೆ ಎಲ್ಲ ನಮ್ಮದೇ. ಶಾಲೆಯಲ್ಲಿ ಫೇಲಾದ ಹುಡುಗನಿಗೆ ಇದನ್ನು ಕೊಡಿ. ಪರೀಕ್ಷೆಯಲ್ಲಿ ನಂಬರ್ ಸಿಗದ ಜಾತಿಯ ಬುದ್ಧಿವಂತಿಕೆಯೂ ಒಂದಿದೆ ಎಂದು ಅವನಿಗೆ ನಾವು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಮಂದಣ್ಣನನ್ನು ನೋಡಿದರೆ ನಂಬುತ್ತಾನೆ.

‘ಮುಂದೇನಾಯ್ತು’ ಎಂಬ ಕುತೂಹಲವೇ ಬೇಕು ಎನ್ನುವವರಿಗೆ ಅವರದೇ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಿ ಮನೆಗೆ ಹೊರಟ ಗಂಡ ಹೆಂಡತಿಯ ಕಥೆ, ಕೈಯಿಂದ ಇಡಲಿಕ್ಕಾಗದು. ಪತ್ತೇದಾರಿಯಲ್ಲಿ ಎನ್. ನರಸಿಂಹಯ್ಯನವರನ್ನು ಮರೆಯಬಾರದು. ಶಾಲೆಗೆ ಹೋದದ್ದು ಕೆಲವೇ ವರ್ಷ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ! ಅವರ ಪತ್ತೇದಾರ ಪುರುಷೋತ್ತಮನ ದೆಸೆಯಿಂದ ಕನ್ನಡ ಓದಲಿಕ್ಕೆ ಕಲಿತ ಹಳೇ ತಲೆಮಾರಿನವರು ಊರೂರಲ್ಲಿ ಇದ್ದಾರೆ.

ಇತಿಹಾಸ ಬೇಕಾದವರು ಕೊಡಗಿನಲ್ಲಿದ್ದುಕೊಂಡು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದದೆ ಇರುವುದು ಸರಿಯಲ್ಲ. 1956ರದ್ದು. ಕೊಡಗಿನ ಕೊನೆಯ ಅರಸ 1834ರಲ್ಲಿ ರಾಜ್ಯ ಕಳೆದುಕೊಂಡ ಬಗೆ ಇದರಲ್ಲಿದೆ. ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಎಂದು ಹೆಸರು ಬಂದದ್ದು ಆಗ ಕೊಡಗನ್ನು ಕಂಪನಿ ಕೈಗೆ ತೆಗೆದುಕೊಂಡ ಕರ್ನಲ್ ಫ್ರೇಜರನಿಂದ ಎಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಅರಸನನ್ನು ಮಾಸ್ತಿ ಅಷ್ಟು ಕೆಟ್ಟವನನ್ನಾಗಿ ಮಾಡಬೇಕಿತ್ತಾ ಎಂದು ವಾದ ಮಾಡುವವರಿದ್ದಾರೆ. ಓದಿದ ಮೇಲೆ ವಾದ ಮಾಡಲಿ. ಇದರ ಜೊತೆ ನಿರಂಜನರ ‘ಚಿರಸ್ಮರಣೆ’ಯನ್ನೂ ಸೇರಿಸುತ್ತೇವೆ. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ನಾಲ್ವರಲ್ಲಿ ಒಬ್ಬ ಅಬೂಬಕರ್. ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ದೂರದ ಹೆಸರುಗಳನ್ನು ಹುಡುಕುವ ನಮ್ಮವರಿಗೆ ಪಕ್ಕದ ಕಾಸರಗೋಡಿನ ಈ ಹೆಸರು ನೆನಪಾಗುವುದೇ ಇಲ್ಲ.

ಈಗ ಕಷ್ಟದ ಪುಸ್ತಕಕ್ಕೆ ಬರೋಣ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’.

ಕಳೆದ ವರ್ಷ ಪಿಯುಸಿ ಓದುವ ಹೆಣ್ಣುಮಗಳೊಬ್ಬಳ ಮನೆಯವರು ಇದನ್ನು ನಮ್ಮ ಮೇಜಿನ ಮೇಲೆ ತಂದಿಟ್ಟರು. ಕಾಲೇಜಿನ ಲೈಬ್ರರಿಯಿಂದ ಅವಳು ತಂದದ್ದು. “ಇದು ನಮ್ಮ ದೀನಿಗೆ ವಿರುದ್ಧ ಅಲ್ವಾ ಉಸ್ತಾದರೇ? ಇದನ್ನೆಲ್ಲ ಓದಿದ್ರೆ ಅವಳ ತಲೆ ಕೆಡಲ್ವಾ?” ಎಂದು ಅವಳ ಉಪ್ಪ ಕೇಳಿದರು. ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ಇನ್ನು ಮುಂದೆ ಲೈಬ್ರರಿ ಬೇಡ, ಬೇಕಾದರೆ ಕಾಲೇಜೂ ಬೇಡ ಎಂಬಲ್ಲಿಗೆ ಮಾತು ಬಂದಿತ್ತು. “ನೀವು ಓದಿದ್ದೀರಾ?” ಎಂದು ಕೇಳಿದೆವು. ಓದಿರಲಿಲ್ಲ. ಎರಡು ದಿನ ಇಟ್ಟುಕೊಂಡು ನಾವು ಮತ್ತೊಮ್ಮೆ ಓದಿದೆವು.

1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾದಿರಾ ಎಂಬ ಹುಡುಗಿ ಗಂಡ ರಶೀದನ ಜೊತೆ ಸುಖವಾಗಿದ್ದಳು. ಅಪ್ಪನ ಹಠ ಅವರಿಬ್ಬರನ್ನು ಬೇರೆ ಮಾಡಿತು, ತಲಾಖ್ ಆಯಿತು. ಮತ್ತೆ ಒಂದಾಗಬೇಕು ಎನ್ನುವಾಗ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಿ ಬಾ ಎಂದರು. ಮುಂದಿನದ್ದನ್ನು ನೀವೇ ಓದಿ. ಬಿಡಿಸಿಕೊಂಡು ಬರುವ ಒಪ್ಪಂದದ ಮೇಲೆ ಮಾಡುವ ಇಂಥ ಮದುವೆ ಮಾಡಿಕೊಳ್ಳುವವನನ್ನೂ ಮಾಡಿಸುವವನನ್ನೂ ಪ್ರವಾದಿಯವರು (ಸ) ಶಪಿಸಿದ್ದಾರೆ ಎಂದು ಹದೀಸ್ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಹಾಗಾದರೆ ದೀನಿಗೆ ವಿರುದ್ಧವಾಗಿ ನಡೆದವರು ಯಾರು? ಬರೆದ ಸಾರಾ ಅವರಾ, ನಾದಿರಾಳನ್ನು ಆ ರಾತ್ರಿಗೆ ದೂಡಿದವರಾ?

ಅವರು ಬರೆದದ್ದೆಲ್ಲ ನಮಗೆ ಒಪ್ಪಿಗೆ ಎಂದಲ್ಲ. ಶರೀಅತ್ತಿನ ನಿಯಮ ಯಾವುದು, ಊರಿನ ಗಂಡಸರು ಅದರ ಹೆಸರಲ್ಲಿ ಮಾಡಿದ್ದು ಯಾವುದು ಎಂಬ ಗೆರೆ ಇನ್ನೂ ದಪ್ಪವಾಗಿ ಕಾಣಬೇಕಿತ್ತು ಎಂದು ಅನ್ನಿಸುತ್ತದೆ. ಆದರೆ ಆ ಗೆರೆ ಎಳೆಯುವ ಕೆಲಸ ಕಾದಂಬರಿಯದ್ದಲ್ಲ, ನಮ್ಮಂಥವರದ್ದು. ಆ ಕಾಲದಲ್ಲಿ ಹೆಂಗಸರ ಕಷ್ಟವನ್ನು ಮಿಂಬರಿನಿಂದ ಎಷ್ಟು ಜನ ಹೇಳುತ್ತಿದ್ದರು? ಹೇಳದೆ ಉಳಿದದ್ದನ್ನು ಒಬ್ಬಳು ಹೆಣ್ಣುಮಗಳು ಬರೆದರು, ಅದಕ್ಕಾಗಿ ಸಮುದಾಯದ ಒಳಗೇ ಬೈಗುಳ ತಿಂದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಬೈದವರಲ್ಲಿ ಎಷ್ಟು ಮಂದಿ ಪುಸ್ತಕ ತೆರೆದಿದ್ದರೋ ಅಲ್ಲಾಹನಿಗೇ ಗೊತ್ತು.

ಪುಸ್ತಕವನ್ನು ಆ ಹುಡುಗಿಯ ಕೈಗೇ ಕೊಟ್ಟೆವು. ಉಪ್ಪನಿಗೆ, “ಅವಳು ಮುಗಿಸಿದ ಮೇಲೆ ನೀವೂ ಓದಿ” ಎಂದೆವು. ಅವರು ಓದಿದರಾ ಎಂದು ನಾವು ಕೇಳಿಲ್ಲ. ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ.

ಇದರ ಜೊತೆಗೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಬೇಕೆಂದು ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ತೀರ್ಥಹಳ್ಳಿ ಕಡೆಯ ಬ್ರಾಹ್ಮಣರ ಮನೆ, ಚಿಕ್ಕಂದಿನಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು ನೂರು ದಾಟಿ ಬದುಕಿದ ಹೆಂಗಸು. ‘ಕಷ್ಟ ನಮ್ಮ ಮನೆಗಳಲ್ಲಿ ಮಾತ್ರ’ ಎನ್ನುವವರಿಗೂ, ‘ನಮ್ಮ ಮನೆಗಳಲ್ಲಿ ಕಷ್ಟವೇ ಇಲ್ಲ’ ಎನ್ನುವವರಿಗೂ ಈ ಎರಡು ಪುಸ್ತಕ ಒಟ್ಟಿಗೆ ಇರಲಿ.

ದೊಡ್ಡ ಓದಿಗೆ ಬೊಳುವಾರು ಮಹಮದ್ ಕುಂಞಿ. ಪುತ್ತೂರಿನವರು, ಮುತ್ತುಪ್ಪಾಡಿ ಎಂಬ ಇಲ್ಲದ ಊರನ್ನು ಕಟ್ಟಿ ಅದರಲ್ಲಿ ನಮ್ಮವರನ್ನೆಲ್ಲ ಕೂರಿಸಿದವರು. ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ದೇಶ ವಿಭಜನೆಯ ಗಲಾಟೆಯಲ್ಲಿ ಓಡಿಬಂದ ಚಾಂದ್ ಅಲಿಯ ಕಥೆ. ಪುಸ್ತಕದ ಗಾತ್ರ ನೋಡಿ ಹೆದರಬೇಡಿ, ಒಂದು ಮಳೆಗಾಲ ಪೂರ್ತಿ ಬರುತ್ತದೆ. ನಮ್ಮ ಮನೆಗಳಲ್ಲಿ ಆಡುವ ಮಾತು, ತಮಾಷೆ, ಜಗಳ ಎಲ್ಲ ಕನ್ನಡದಲ್ಲಿ ಹೀಗೆ ಬರಬಹುದು ಎಂದು ಅವರನ್ನು ಓದಿದಾಗಲೇ ನಮಗೆ ಗೊತ್ತಾದದ್ದು. ನಗುವೇ ಮುಖ್ಯ ಎನ್ನುವವರು ಮಲೆಯಾಳದ ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಳ ಆಡು’ ಹಿಡಿಯಲಿ. ಆ ಆಡು ಬಷೀರರ ಪುಸ್ತಕಗಳನ್ನೇ ತಿಂದುಹಾಕುತ್ತದೆ.

ಆಡೆಂದಾಗ ನೆನಪಾಯಿತು, ಗಲ್ಫಿಗೆ ಹೊರಟವರಿಗೂ ಅಲ್ಲಿರುವವರ ಮನೆಯವರಿಗೂ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಓದಲು ಹೇಳುತ್ತೇವೆ. 2008ರದ್ದು, ಕನ್ನಡಕ್ಕೂ ಬಂದಿದೆ. ಕೆಲಸಕ್ಕೆಂದು ಸೌದಿಗೆ ಹೋದ ನಜೀಬ್ ಮರುಭೂಮಿಯಲ್ಲಿ ಆಡುಗಳ ನಡುವೆ ಸಿಕ್ಕಿಬೀಳುತ್ತಾನೆ. 2024ರಲ್ಲಿ ಸಿನಿಮಾ ಬಂದ ಮೇಲೆ “ಕಥೆ ಗೊತ್ತು ಬಿಡಿ” ಎನ್ನುತ್ತಾರೆ. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಪುಸ್ತಕದಲ್ಲಿ ನಜೀಬನ ಒಂದೊಂದು ದಿನವನ್ನೂ ನಾವೇ ಕಳೆಯಬೇಕು. ತಿಂಗಳಿಗೊಮ್ಮೆ ಹಣ ಬಂತಾ ಎಂದು ಮಾತ್ರ ಕೇಳುವ ಮನೆಯವರು ನಿಜವಾಗಿ ಓದಬೇಕಾದದ್ದು ಇದನ್ನು.

ಪುಸ್ತಕ ಕೊಳ್ಳಲಿಕ್ಕೆ ದುಡ್ಡೆಲ್ಲಿ ಎನ್ನುವವರು ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. ಶಾಲಾ ಮಕ್ಕಳಿಗೆ ಸದಸ್ಯತ್ವಕ್ಕೆ ಹಣವಿಲ್ಲ. ಇಲ್ಲದ ಪುಸ್ತಕವನ್ನು ಬರೆಸಿ ಬನ್ನಿ, ಕೇಳುವವರು ಇದ್ದರೆ ತರಿಸುತ್ತಾರೆ. ಒಂದೇ ಒಂದು ವಿನಂತಿ: ಹಾರುವ ಓತಿ ಸಿಕ್ಕಿತಾ ಇಲ್ಲವಾ ಎಂಬುದನ್ನು ಓದಿ ಮುಗಿಸಿದ ಹುಡುಗರು ಉಳಿದವರಿಗೆ ಹೇಳಿಬಿಡಬೇಡಿ. ನಮ್ಮ ಏಳನೇ ಕ್ಲಾಸಿನಲ್ಲಿ ಇನ್ನೂ ಆರು ಜನ ಪಾಳಿಯಲ್ಲಿ ಕಾಯುತ್ತಿದ್ದಾರೆ.